ದೇವಾರಾಧನೆಯೂ ಲೋಕಸೇವೆಯೂ: ನಮ್ಮ ಸೀಮೆಯ ಕ್ರೈಸ್ತಸಭೆಗಳ ಇತಿಹಾಸದಿಂದ ಒಂದು ವಿಚಾರ

ದೇವರನ್ನು ಆರಾಧಿಸತಕ್ಕದ್ದು, ನೆರೆಯವನಿಗೆ ನೆರವಾಗತಕ್ಕದ್ದು ಎಂಬೀ ಎರಡು ಕರ್ತವ್ಯಗಳನ್ನು ಒಪ್ಪದಿರುವ ಧರ್ಮವು ಲೋಕದಲ್ಲಿ ದೊರೆಯಲಾರದು. ಆದರೆ ಮನುಷ್ಯನಿಗಿರುವ ಹೊತ್ತು ಮಿತವಾದುದು, ಕೈಗಳು ಎರಡೇ. ಒಂದು ಕರ್ತವ್ಯಕ್ಕೆ ಕೊಟ್ಟ ಗಳಿಗೆಯನ್ನು ಇನ್ನೊಂದಕ್ಕೆ ಕೊಡಲಾಗದು. ಆದುದರಿಂದ ಎಲ್ಲ ಮತದವರಲ್ಲಿಯೂ ಇವೆರಡರ ನಡುವೆ ತಿಕ್ಕಾಟವು ಆಗಾಗ ತಲೆದೋರುವುದುಂಟು. ಕ್ರೈಸ್ತರ ಮನೆಗಳಲ್ಲಿ ಇದು ಹೆಚ್ಚಾಗಿ ಆದಿತ್ಯವಾರದ ಮುಂಜಾನೆಯ ಮಾತಾಗಿ ಕೇಳಿಬರುತ್ತದೆ. ‘ಆರಾಧನೆಗೆ ಬಾರದವನು ಸಭೆಯವನು ಎಂತಾದಾನು?’ ಎಂದು ಹಿರಿಯರು ಕೇಳುವರು. ‘ರೋಗಿಯ ಬಳಿಯಲ್ಲಿ ಇರುಳೆಲ್ಲ ಕುಳಿತವನು ಬೆಳಗಾದ ಮೇಲೆ ದೇವಾಲಯದಲ್ಲಿ ಕುಳ್ಳಿರದಿದ್ದರೆ ಹಾನಿಯೇನು?’ ಎಂದು ಕಿರಿಯರು ಕೇಳುವರು. ಎರಡು ಮಾತಿನಲ್ಲಿಯೂ ಸತ್ಯಾಂಶವಿರುವುದರಿಂದಲೇ ಈ ವಾದವು ತೀರದೆ ನಡೆದುಬಂದಿದೆ.

ತರ್ಕದಿಂದ ತೀರದ ವಾದಗಳಿಗೆ ಇತಿಹಾಸವು ಕೆಲವೊಮ್ಮೆ ಬೆಳಕನ್ನು ಕೊಡುವುದು. ನಮ್ಮ ಕನ್ನಡ ನಾಡಿನಲ್ಲಿಯೇ, ಅದರಲ್ಲಿಯೂ ಹಳೆಯ ಧಾರವಾಡ ಜಿಲ್ಲೆಯಲ್ಲಿಯೇ, ಈ ಪ್ರಶ್ನೆಯು ಬರಿಯ ಮಾತಾಗಿರದೆ ಅನ್ನದ ಪ್ರಶ್ನೆಯಾಗಿ, ಮನೆಮಠಗಳ ಪ್ರಶ್ನೆಯಾಗಿ ಜನರ ಮುಂದೆ ನಿಂತ ಕಾಲವೊಂದಿತ್ತು. ಆ ಕಾಲದ ಸಂಗತಿಗಳನ್ನು ವಾಚಕರ ಮುಂದಿಟ್ಟು, ಅವುಗಳಿಂದ ತಿಳಿದುಬರುವುದೇನೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹತ್ತಿಮತ್ತೂರು ಈಗ ಹಾವೇರಿ ಜಿಲ್ಲೆಯ ಸವಣೂರು ತಾಲೂಕಿಗೆ ಸೇರಿದ ಊರು. ೧೯೯೭ರ ವರೆಗೆ ಈ ಸೀಮೆಯೆಲ್ಲವೂ ಧಾರವಾಡ ಜಿಲ್ಲೆಯಲ್ಲಿತ್ತು. ರಾಷ್ಟ್ರಕೂಟರ ಕಾಲದ ಶಾಸನವನ್ನುಳ್ಳ ಈ ಪ್ರಾಚೀನ ಗ್ರಾಮದ ಸುತ್ತುಮುತ್ತಲಿನ ನೆಲವು ಭಕ್ತಿಗೂ ನಡತೆಗೂ ಇರುವ ಸಂಬಂಧವನ್ನು ಕುರಿತು ಶತಮಾನಗಳಿಂದ ಚರ್ಚಿಸುತ್ತ ಬಂದ ನೆಲ. ಶಿಗ್ಗಾವಿಯ ಕಡೆಯ ಬಾಡವು ಕನಕದಾಸರ ಊರು. ಅದೇ ಕಡೆಯ ಶಿಶುನಾಳವು ಶರೀಫ ಸಾಹೇಬರ ಊರು. ಹಿರೇಕೆರೂರಿನ ಕಡೆಯ ಅಬಲೂರು ಏಕಾಂತದ ರಾಮಯ್ಯನ ಹೆಸರಿನಿಂದಲೂ ಸರ್ವಜ್ಞನ ಹೆಸರಿನಿಂದಲೂ ಪ್ರಸಿದ್ಧವಾದುದು. ಹಾನಗಲ್ಲು ತನ್ನ ವಿರಕ್ತಮಠದಿಂದ ಹೆಸರಾದುದು. ಇಂಥ ನೆರೆಹೊರೆಯಲ್ಲಿ ಕ್ರೈಸ್ತರು ಸಂಖ್ಯೆಯಿಂದ ಅಲ್ಪರಾದರೂ ಅವರ ಸಭೆಗಳ ಅನುಭವವು ಅವರಿಗಷ್ಟೇ ಸಂಬಂಧಪಟ್ಟುದಲ್ಲ. ಈ ಜಿಲ್ಲೆಯ ರೋಮನ್ ಕಥೋಲಿಕ ಸಭೆಯ ಇತಿಹಾಸವು ಬೇರೆಯೇ ಒಂದು ಲೇಖನಕ್ಕೆ ಯೋಗ್ಯವಾದ ವಿಷಯ. ಇಲ್ಲಿ ಬಾಸೆಲ್ ಮಿಶನ್ನಿನಿಂದ ಹುಟ್ಟಿದ ಸಭೆಗಳನ್ನೇ ಮುಖ್ಯವಾಗಿ ನೋಡುವೆವು.

ಸೇವೆಯೆಂಬ ಶಬ್ದ

ಮೊದಲು ಶಬ್ದವೊಂದನ್ನು ವಿಚಾರಿಸುವುದು ಒಳ್ಳೆಯದು. ನಾವು ‘ದೇವರ ಸೇವೆ’ ಎಂದಾಗ ಪೂಜೆಯೆಂದು ತಿಳಿಯುತ್ತೇವೆ. ‘ಬಡವರ ಸೇವೆ’ ಎಂದಾಗ ಉಪಚಾರವೆಂದು ತಿಳಿಯುತ್ತೇವೆ. ಶಬ್ದವು ಒಂದೇ. ಇದು ನಮ್ಮ ಭಾಷೆಯ ವಿಶೇಷವೆಂದು ತಿಳಿಯಬಾರದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ದಿಯಾಕೊನಿಯ’ ಎಂಬ ಶಬ್ದವು ಊಟ ಬಡಿಸುವ ಕೆಲಸಕ್ಕೂ ವಾಕ್ಯೋಪದೇಶಕ್ಕೂ ಸಲ್ಲುತ್ತದೆ. ‘ಲೈತೂರ್ಗಿಯ’ ಎಂಬ ಇನ್ನೊಂದು ಶಬ್ದವು ಮೊದಲು ಅಥೇನೆ ಪಟ್ಟಣದಲ್ಲಿ, ಶ್ರೀಮಂತ ನಾಗರಿಕನು ಸ್ವಂತ ವೆಚ್ಚದಿಂದ ಪಟ್ಟಣಕ್ಕಾಗಿ ಯುದ್ಧನೌಕೆಯನ್ನು ಸಜ್ಜುಗೊಳಿಸುವುದು, ನಾಟಕದ ಮೇಳವನ್ನು ಸಾಕುವುದು ಮೊದಲಾದ ಲೋಕೋಪಯೋಗಿ ಕೆಲಸಗಳಿಗೆ ಹೆಸರಾಗಿತ್ತು. ಆಮೇಲೆ ಅದೇ ಶಬ್ದವು ದೇವಾಲಯದ ಆರಾಧನೆಗೆ ಸಂದಿತು. ಜರ್ಮನ್ ಭಾಷೆಯಲ್ಲಿಯೂ ಆದಿತ್ಯವಾರದ ಆರಾಧನೆಗೆ ‘ದೇವಸೇವೆ’ ಎಂಬ ಅರ್ಥದ ಹೆಸರೇ ಇದೆ. ಭಾಷೆಗಳು ಕೂಡಿಸಿದ್ದನ್ನು ಮನುಷ್ಯರು ಅಗಲಿಸಿದ್ದೆಂತು ಎಂಬುದೇ ಇತಿಹಾಸದ ಪ್ರಶ್ನೆ.

ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಈ ತೊಡಕಿನ ಮೊದಲನೆಯ ಉದಾಹರಣೆಯು ದೊರೆಯುವುದು. ಯೆರೂಸಲೇಮಿನ ಸಭೆಯಲ್ಲಿ ದಿನನಿತ್ಯವೂ ವಿಧವೆಯರಿಗೆ ಆಹಾರವನ್ನು ಹಂಚುತ್ತಿದ್ದರು. ಸಭೆಯು ಬೆಳೆದಂತೆ, ಗ್ರೀಕ್ ಮಾತಾಡುವವರ ವಿಧವೆಯರಿಗೆ ಪಾಲು ಸರಿಯಾಗಿ ಸಿಗುತ್ತಿಲ್ಲವೆಂಬ ಗುಣುಗುಟ್ಟುವಿಕೆಯು ಹುಟ್ಟಿತು. ಆಗ ಅಪೊಸ್ತಲರು ಪ್ರಾರ್ಥನೆಯನ್ನು ಬಿಟ್ಟು ಹಂಚುವುದಕ್ಕೆ ನಿಲ್ಲಲಿಲ್ಲ. ಪ್ರಾರ್ಥನೆಯೇ ದೊಡ್ಡದೆಂದು ವಿಧವೆಯರನ್ನು ಮರೆಯಲೂ ಇಲ್ಲ. ಇಡಿಯ ಸಭೆಯನ್ನು ಕರೆದು, ಸತ್ಯವಂತರಾದ ಏಳು ಮಂದಿಯನ್ನು ಆರಿಸುವಂತೆ ಹೇಳಿ, ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ, ಹಂಚುವ ಕೆಲಸವನ್ನು ಒಪ್ಪಿಸಿದರು. ಇದರಲ್ಲಿ ಎರಡು ಸಂಗತಿಗಳು ಲಕ್ಷ್ಯವಿಡತಕ್ಕವು. ಉಪದೇಶಿಸುವ ಕೈ ಬೇರೆ, ಅನ್ನವಿಕ್ಕುವ ಕೈ ಬೇರೆಯಾಯಿತು. ಆದರೂ ಎರಡು ಕೈಗಳೂ ಒಂದೇ ಸಭೆಯ ಪ್ರಾರ್ಥನೆಯಿಂದ ಹೊರಟವು.

ನೂರು ವರ್ಷಗಳ ತರುವಾಯ, ಕ್ರಿ. ಶ. ೧೫೫ರ ಸುಮಾರಿಗೆ, ರೋಮಾಪುರಿಯಲ್ಲಿದ್ದ ಜಸ್ಟಿನನೆಂಬ ತತ್ತ್ವಜ್ಞಾನಿಯು ಚಕ್ರವರ್ತಿಗೆ ಬರೆದ ಬಿನ್ನಹದಲ್ಲಿ ಕ್ರೈಸ್ತರ ಆದಿತ್ಯವಾರವನ್ನು ವರ್ಣಿಸಿದ್ದಾನೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಕೂಡುವರು. ಗ್ರಂಥಪಠನ, ಉಪದೇಶ, ಪ್ರಾರ್ಥನೆ ನಡೆಯುವುವು. ರೊಟ್ಟಿ ದ್ರಾಕ್ಷಾರಸಗಳನ್ನು ಹಂಚುವರು. ಬಾರದಿದ್ದವರ ಪಾಲನ್ನು ಸೇವಕರು ಅವರವರ ಮನೆಗೆ ಒಯ್ದು ಕೊಡುವರು. ಉಳ್ಳವರು ಇಷ್ಟಾನುಸಾರವಾಗಿ ಕೊಟ್ಟ ಹಣವು ಸಭಾಧ್ಯಕ್ಷನ ಬಳಿಯಲ್ಲಿದ್ದು ಅನಾಥರಿಗೆ, ವಿಧವೆಯರಿಗೆ, ರೋಗಿಗಳಿಗೆ, ಸೆರೆಯಲ್ಲಿದ್ದವರಿಗೆ, ಪರಸ್ಥಳದಿಂದ ಬಂದವರಿಗೆ ವಿನಿಯೋಗವಾಗುವುದು. ಬಾರದವನನ್ನು ದಂಡಿಸುವ ಮಾತು ಇಲ್ಲಿಲ್ಲ, ಅವನ ಪಾಲನ್ನು ಒಯ್ಯುವ ಮಾತಿದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುವೆನು. ಲೇಖನದ ಕೊನೆಯಲ್ಲಿ ಇದರಿಂದ ಉಪಯೋಗವಾಗಲಿದೆ.

ಬಾಸೆಲಿನಿಂದ ಧಾರವಾಡಕ್ಕೆ

ಜರ್ಮನಿಯಲ್ಲಿ ಹದಿನೇಳನೆಯ ಶತಮಾನದ ಕೊನೆಯಲ್ಲಿ ಪಂಡಿತರ ಒಣವಾದದಿಂದ ಬೇಸತ್ತ ಕೆಲವು ಭಕ್ತರು ಮನೆಗಳಲ್ಲಿ ಕೂಡಿ ಪ್ರಾರ್ಥಿಸುವ ಪದ್ಧತಿಯನ್ನು ಆರಂಭಿಸಿದರು. ಹಾಲೆ ಪಟ್ಟಣದ ಫ್ರಾಂಕೆಯೆಂಬ ಪಾದ್ರಿಯು ಇವರಲ್ಲಿ ಪ್ರಮುಖನು. ಪ್ರಾರ್ಥನೆಯ ಕೂಟದಿಂದಲೇ ಅನಾಥಾಲಯವನ್ನೂ ಶಾಲೆಗಳನ್ನೂ ಔಷಧಶಾಲೆಯನ್ನೂ ಹುಟ್ಟಿಸಿ ತೋರಿಸಿದವನು ಅವನು. ೧೭೦೬ರಲ್ಲಿ ತರಂಗಂಬಾಡಿಗೆ ಬಂದ ಮೊದಲ ಪ್ರೊಟೆಸ್ಟಂಟ್ ಉಪದೇಶಕರು ಹಾಲೆಯ ಶಿಷ್ಯರು. ಇದೇ ಭಕ್ತಿಮಾರ್ಗದವರು ೧೮೧೫ರಲ್ಲಿ ಸ್ವಿಟ್ಜರ್ಲಂಡಿನ ಬಾಸೆಲ್ ಪಟ್ಟಣದಲ್ಲಿ ಮಿಶನ್ ಸಂಘವನ್ನು ಕಟ್ಟಿದರು. ೧೮೩೩ರ ಸನದಿನಿಂದ ಆಂಗ್ಲರಲ್ಲದ ಉಪದೇಶಕರಿಗೂ ಹಿಂದುಸ್ಥಾನದ ಬಾಗಿಲು ತೆರೆಯಲು, ೧೮೩೪ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರನ್ನು ಸೇರಿದರು. ೧೮೩೭ರಲ್ಲಿ ಧಾರವಾಡ, ೧೮೩೯ರಲ್ಲಿ ಹುಬ್ಬಳ್ಳಿ, ೧೮೪೧ರಲ್ಲಿ ಬೆಟಗೇರಿ, ೧೮೫೧ರಲ್ಲಿ ಗುಳೇದಗುಡ್ಡ, ಹೀಗೆ ಘಟ್ಟದ ಮೇಲೆ ಅವರ ಠಾಣೆಗಳು ಏರ್ಪಟ್ಟವು.

ಇವರಲ್ಲಿ ಬಹುಮಂದಿ ರೈತರ, ಕಸುಬುದಾರರ ಮಕ್ಕಳು. ಕೈಗೆಲಸವನ್ನು ಹೀನವೆಂದು ಬಗೆಯುವವರಲ್ಲ. ಆದಿತ್ಯವಾರದ ವಿಶ್ರಾಂತಿಯನ್ನು ಅತಿ ಬಿಗಿಯಾಗಿ ಆಚರಿಸುವವರು. ಆದುದರಿಂದ ಅವರು ಕಟ್ಟಿದ ಸಭೆಗಳಲ್ಲಿ ಹಾಜರಿ, ನಡತೆ, ದುಡಿಮೆ ಈ ಮೂರಕ್ಕೂ ನಿಯಮಗಳಿದ್ದುವು. ನಿಯಮಗಳನ್ನು ನೋಡಿಕೊಳ್ಳುವುದಕ್ಕೆ ಸಭಾಹಿರಿಯರು ಇದ್ದರು. ತಪ್ಪಿ ನಡೆದವನನ್ನು ಕರ್ತನ ಭೋಜನದಿಂದ ಹೊರಗಿಡುವ ಶಿಕ್ಷೆಯೂ ಇತ್ತು.

ಆದರೆ ಅವರು ಎಣಿಸದಿದ್ದ ತೊಡಕೊಂದು ಎದುರಾಯಿತು. ನಮ್ಮ ದೇಶದಲ್ಲಿ ಮತವನ್ನು ಬಿಟ್ಟವನು ಮತವನ್ನಷ್ಟೇ ಬಿಡುವುದಿಲ್ಲ. ಮನೆ, ಹೊಲ, ಕಸುಬು, ಬಾವಿಯ ನೀರು, ಊರಿನ ಮಾತುಕತೆ ಎಲ್ಲವೂ ಅವನನ್ನು ಬಿಡುತ್ತವೆ. ದೀಕ್ಷಾಸ್ನಾನವನ್ನು ಹೊಂದಿದವನು ಮರುದಿನ ಮುಂಜಾನೆ ಉಣ್ಣುವುದೇನು? ಉಪದೇಶವನ್ನು ಕೊಟ್ಟವರೇ ಊಟದ ದಾರಿಯನ್ನೂ ತೋರಿಸಬೇಕಾಗಿ ಬಂದಿತು. ಮಂಗಳೂರಿನಲ್ಲಿ ಮುದ್ರಣಶಾಲೆ, ನೇಯಿಗೆಶಾಲೆಗಳು ಹುಟ್ಟಿದುದಕ್ಕೆ ಇದೇ ಕಾರಣವು. ೧೮೫೧ರಲ್ಲಿ ಬಂದ ಹಾಲರನು ನೇಯಿಗೆಯನ್ನು ಬೆಳೆಸಿದನು. ೧೮೬೫ರಲ್ಲಿ ಪ್ಲೆಬ್ಸ್ಟನು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದನು. ಈ ಕಾರ್ಖಾನೆಗಳಲ್ಲಿ ದಿನದ ಕೆಲಸವು ಪ್ರಾರ್ಥನೆಯಿಂದ ಆರಂಭವಾಗುತ್ತಿತ್ತು.

ಮಳಸಮುದ್ರದ ಪಾಠ

ಇದಕ್ಕೂ ಮೊದಲು ಗದಗಿನ ಹತ್ತಿರ ನಡೆದ ಒಂದು ಪ್ರಯೋಗವು ಸ್ಮರಿಸತಕ್ಕದ್ದು. ಈ ಭಾಗದಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿ, ಮುಂದೆ ಉದ್ಧಾರಕನೊಬ್ಬನು ಬರುವನೆಂದು ಕಾಯುತ್ತಿದ್ದ ಜನರಿದ್ದರು. ಉಪದೇಶಕರ ಮಾತು ತಮ್ಮ ಕಾಲಜ್ಞಾನಕ್ಕೆ ಹೊಂದುವುದೆಂದು ಕಂಡುದರಿಂದ ಅವರಲ್ಲಿ ಕೆಲವರು ಹುಬ್ಬಳ್ಳಿಯ ಕಡೆಯ ಮಿಶನರಿಗಳನ್ನು ಸಮೀಪಿಸಿದರು. ಹಿಂಡುಹಿಂಡಾಗಿ ಜನರು ಸಭೆಯನ್ನು ಸೇರುವರೆಂಬ ಆಶೆಯು ಮಿಶನರಿಗಳಲ್ಲಿ ಹುಟ್ಟಿತು. ಅಂಥವರಿಗೆ ನೆಲೆಯಾಗಲೆಂದು ೧೮೪೧ರಲ್ಲಿ ಮಳಸಮುದ್ರದಲ್ಲಿ ಬೇಸಾಯದ ಒಂದು ವಸತಿಯನ್ನು ಸ್ಥಾಪಿಸಿದರು. ಹೊಲವಿತ್ತು, ಮನೆಗೆ ಜಾಗವಿತ್ತು, ಪ್ರಾರ್ಥನೆಗೆ ಏರ್ಪಾಡಿತ್ತು. ಎಣಿಸಿದ ಜನರು ಮಾತ್ರ ಬರಲಿಲ್ಲ. ಕೆಲವು ವರ್ಷಗಳಲ್ಲಿಯೇ ಆ ಪ್ರಯತ್ನವು ವಿಫಲವಾಯಿತು.

ಇದು ಯಾರ ದುರುದ್ದೇಶದಿಂದ ಕೆಟ್ಟುದೂ ಅಲ್ಲ. ಮಿಶನರಿಗಳು ಬಡವರಿಗೆ ನೆಲೆಯನ್ನು ಕೊಡಬಯಸಿದರು. ಬಂದವರು ನೆಲೆಯನ್ನು ಬಯಸಿದರು. ಆದರೆ ಅನ್ನ ಮತ್ತು ಆರಾಧನೆ ಎರಡೂ ಒಂದೇ ಬಾಗಿಲಿನಿಂದ, ಒಬ್ಬನೇ ದೊರೆಯ ಕೈಯಿಂದ ಬರತೊಡಗಿದರೆ, ಒಳಗೆ ಬಂದವನು ಯಾವುದಕ್ಕಾಗಿ ಬಂದನೆಂಬುದನ್ನು ಅವನೂ ಹೇಳಲಾರನು, ಕೊಟ್ಟವನೂ ತಿಳಿಯಲಾರನು. ಪ್ರಾರ್ಥನೆಗೆ ತಪ್ಪದೆ ಬರುವ ಕೂಲಿಯವನು ಭಕ್ತನೋ, ಕೂಲಿ ತಪ್ಪೀತೆಂದು ಅಂಜುವವನೋ? ಭಕ್ತನಾದವನ ಮೇಲೆಯೂ ಈ ಸಂದೇಹದ ನೆರಳು ಬೀಳುವುದು. ಅವನಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ನೆರೆಹೊರೆಯವರು ಕ್ರೈಸ್ತರನ್ನು ಕುರಿತು ಆಡಿಕೊಂಡ ಕಟುಮಾತುಗಳಲ್ಲಿ ಹೆಚ್ಚಿನವು ಈ ನೆರಳಿನಿಂದಲೇ ಹುಟ್ಟಿದುವು.

ಬಾಸೆಲಿನ ಹಿರಿಯರಿಗೂ ಇದು ತಿಳಿಯದೆ ಹೋಗಲಿಲ್ಲ. ೧೮೫೧-೫೨ರಲ್ಲಿ ಸಂಘದ ಮುಖ್ಯಾಧಿಕಾರಿಯಾದ ಯೋಸೆನ್‌ಹಾನ್ಸನು ಇಲ್ಲಿಗೆ ಬಂದು ಠಾಣೆಗಳನ್ನು ಪರೀಕ್ಷಿಸಿದನು. ಮುಂದೆ ೧೮೫೯ರಲ್ಲಿ ವ್ಯಾಪಾರಕ್ಕಾಗಿಯೇ ಬೇರೆ ಕಂಪನಿಯೊಂದು ಏರ್ಪಟ್ಟಿತು. ಯೆರೂಸಲೇಮಿನಲ್ಲಿ ಏಳು ಮಂದಿಯನ್ನು ಬೇರೆಯಾಗಿ ನೇಮಿಸಿದಂತೆ ಇಲ್ಲಿಯೂ ಲೆಕ್ಕದ ಪುಸ್ತಕವನ್ನೂ ಪ್ರಾರ್ಥನೆಯ ಪುಸ್ತಕವನ್ನೂ ಬೇರೆ ಬೇರೆ ಕೈಗಳಲ್ಲಿಡುವ ಪ್ರಯತ್ನವೆಂದು ಇದನ್ನು ತಿಳಿಯಬಹುದು. ಆದರೆ ಕಾರ್ಖಾನೆಯ ಕೂಲಿಗಾರನ ಕಣ್ಣಿಗೆ ಎರಡೂ ‘ಮಿಶನ್’ ಎಂಬ ಒಂದೇ ಹೆಸರಾಗಿಯೇ ಉಳಿದುವು.

ಬರಗಾಲದ ಪರೀಕ್ಷೆ

೧೮೭೬ರಲ್ಲಿ ಮಳೆಯು ಕೈಕೊಟ್ಟಿತು. ಆ ವರ್ಷದಿಂದ ೧೮೭೮ರ ವರೆಗೆ ಮುಂಬಯಿ, ಮದರಾಸು ಇಲಾಖೆಗಳನ್ನೂ ಮೈಸೂರನ್ನೂ ಹೈದರಾಬಾದನ್ನೂ ಸುಟ್ಟ ಬರವು ಧಾರವಾಡ ಜಿಲ್ಲೆಯನ್ನೂ ಬಿಡಲಿಲ್ಲ. ೧೮೭೭ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲನ ಸಲಹೆಯಂತೆ ಸರಕಾರದ ಬರಗಾಲದ ಕಾಮಗಾರಿಗಳಲ್ಲಿ ದಿನವೆಲ್ಲ ದುಡಿದವನಿಗೆ ಸಲ್ಲುವ ಧಾನ್ಯದ ಪ್ರಮಾಣವು ಒಂದು ಪೌಂಡಿಗೆ ಇಳಿಯಿತು. ಇಂಥ ದಿನಗಳಲ್ಲಿ ತಬ್ಬಲಿಗಳಾದ ಮಕ್ಕಳನ್ನು ಮಿಶನ್ನಿನ ಅನಾಥಾಲಯಗಳು ಒಳಗೆ ಕರೆದುಕೊಂಡುವು. ಹಾಗೆ ಬದುಕಿ ಉಳಿದವರ ಸಂತತಿಯವರು ಇಂದಿಗೂ ಕರ್ನಾಟಕದ ಸಭೆಗಳಲ್ಲಿ ಇದ್ದಾರೆ. ಆ ಮಕ್ಕಳನ್ನು ಬದುಕಿಸಿದ್ದು ತಪ್ಪೆಂದು ಯಾವ ಮನುಷ್ಯನೂ ಹೇಳಲಾರನು. ಆದರೆ ಹಸಿದವನ ಕೈಯಲ್ಲಿ ರೊಟ್ಟಿಯನ್ನಿಡುವ ಗಳಿಗೆಯಲ್ಲಿ ಅವನ ಮನಸ್ಸನ್ನು ಕೇಳಬಹುದೆ ಎಂಬ ಪ್ರಶ್ನೆಯು ಮಾತ್ರ ಉಳಿಯುವುದು.

ಈ ಪ್ರಶ್ನೆಗೆ ಸರಿಯಾದ ಉತ್ತರವನ್ನು ಅದೇ ಬರದಲ್ಲಿ ಕೊಟ್ಟವನೊಬ್ಬನು ನಮ್ಮ ನೆರೆಯ ತೆಲುಗು ನಾಡಿನಲ್ಲಿದ್ದನು. ಒಂಗೋಲಿನ ಅಮೇರಿಕನ್ ಬ್ಯಾಪ್ಟಿಸ್ಟ್ ಮಿಶನರಿಯಾದ ಜಾನ್ ಕ್ಲೌ ಎಂಬವನು ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆಯನ್ನು ತಾನೇ ಹಿಡಿದು, ಸಾವಿರಾರು ಜನರಿಗೆ ಕೂಲಿಯನ್ನು ಒದಗಿಸಿದನು. ಕಾಲುವೆಯಲ್ಲಿ ದುಡಿದವರಲ್ಲಿ ಅನೇಕರು ದೀಕ್ಷಾಸ್ನಾನವನ್ನು ಬೇಡಿದರು. ಅವನು ಕೊಡಲಿಲ್ಲ. ಕೂಲಿಯೂ ಪರಿಹಾರವೂ ನಡೆದಿರುವವರೆಗೆ ಒಬ್ಬನನ್ನೂ ಸಭೆಗೆ ಸೇರಿಸಕೂಡದೆಂದು ನಿಶ್ಚಯಿಸಿದನು. ಬರವು ಇಳಿದು, ಹಂಚುವುದಕ್ಕೆ ಅವನ ಕೈಯಲ್ಲಿ ಏನೂ ಉಳಿಯದ ಮೇಲೆಯೂ ಜನರು ಬಂದು ಬೇಡುತ್ತಿರಲು, ೧೮೭೮ರ ಜುಲೈ ತಿಂಗಳ ಒಂದು ದಿನ ೨,೨೨೨ ಮಂದಿಗೆ ದೀಕ್ಷಾಸ್ನಾನವಾಯಿತು. ಆ ಸಂಖ್ಯೆಯು ಕ್ರೈಸ್ತಲೋಕದಲ್ಲಿ ಬಹು ಪ್ರಸಿದ್ಧಿಯನ್ನು ಪಡೆಯಿತು. ಅದಕ್ಕೆ ಹಿಂದಿನ ತಿಂಗಳುಗಳಲ್ಲಿ ಅವನು ಅಲ್ಲವೆಂದು ಹೇಳಿದ ಮಾತೇ ಹೆಚ್ಚಿನದೆಂದು ನನ್ನ ಎಣಿಕೆ. ಅನ್ನವನ್ನು ಅನ್ನಕ್ಕಾಗಿ ಕೊಟ್ಟು, ಆರಾಧನೆಯನ್ನು ಆರಾಧನೆಗಾಗಿ ಕಾದಿಟ್ಟವನು ಅವನು.

ತಿರುಗುಮುರುಗಾದ ದೋಷ

ಇದುವರೆಗೆ ಹೇಳಿದುದು ಒಂದು ದೋಷ: ಆರಾಧನೆಯನ್ನು ಅನ್ನದ ಬೆಲೆಯನ್ನಾಗಿ ಮಾಡುವುದು. ಇದಕ್ಕೆ ತಿರುಗುಮುರುಗಾದ ಇನ್ನೊಂದು ದೋಷವುಂಟು: ಸೇವೆಯನ್ನು ಆರಾಧನೆಯ ಬದಲಿಗೆ ತೆತ್ತು ಮುಗಿಸುವುದು. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡನೆಯದೇ ಹೆಚ್ಚಾಗಿ ಕಾಣಬಂದಿತು. ಶಾಲೆಗಳು ಬೆಳೆದುವು. ಬೆಟಗೇರಿಯಲ್ಲಿ ಮಿಶನ್ನಿನ ಆಸ್ಪತ್ರೆಯು ಬೆಳೆದು, ಜನರ ಬಾಯಲ್ಲಿ ‘ಜರ್ಮನ್ ದವಾಖಾನೆ’ಯಾಗಿ ಪ್ರಸಿದ್ಧವಾಯಿತು. ಸಂಸ್ಥೆಗಳು ದೊಡ್ಡವಾದಂತೆ ಅವುಗಳಲ್ಲಿ ಸಂಬಳಕ್ಕೆ ದುಡಿಯುವುದೇ ಧರ್ಮಸೇವೆಯೆಂಬ ಭಾವನೆಯೂ ಬಲಿಯಿತು. ದವಾಖಾನೆಯೂ ಶಾಲೆಯೂ ಇದ್ದ ಮೇಲೆ ರೋಗಿಯನ್ನು ನೋಡುವುದು, ಬಡವನ ಮಗುವಿಗೆ ಅಕ್ಷರ ಕಲಿಸುವುದು ‘ಮಿಶನ್ನಿನ ಕೆಲಸ’ವಾಯಿತು, ಬೆಂಚಿನ ಮೇಲೆ ಕುಳಿತವನ ಕೆಲಸವಾಗಿ ಉಳಿಯಲಿಲ್ಲ. ಹೀಗೆ ಸೇವೆಯು ಸಂಸ್ಥೆಯ ಪಾಲಿಗೂ ಆರಾಧನೆಯು ಮುದುಕರ ಪಾಲಿಗೂ ಹೋಗಿ, ನಡುವೆ ಇದ್ದವನು ಎರಡರಿಂದಲೂ ಬಿಡುಗಡೆಹೊಂದಿದನು.

೧೯೧೪ರ ಮಹಾಯುದ್ಧವು ಈ ಏರ್ಪಾಡನ್ನೆಲ್ಲ ಅಲುಗಿಸಿತು. ಜರ್ಮನ್ ಮಿಶನರಿಗಳು ಬಂಧನಕ್ಕೊಳಗಾಗಿ ಸ್ವದೇಶಕ್ಕೆ ಕಳುಹಿಸಲ್ಪಟ್ಟರು. ಕಾರ್ಖಾನೆಗಳೂ ವ್ಯಾಪಾರವೂ ಕೈಬಿಟ್ಟು ೧೯೧೯ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬೇರೊಂದು ಸಂಸ್ಥೆಯ ವಶವಾದುವು. ಸಂಬಳ ಕೊಡುವ ದೊರೆಯೂ ಇಲ್ಲ, ಹಾಜರಿಯನ್ನು ನೋಡುವ ದೊರೆಯೂ ಇಲ್ಲ. ಆಗಲೂ ಆದಿತ್ಯವಾರದ ಗಂಟೆಯು ನಿಲ್ಲಲಿಲ್ಲ. ಕನ್ನಡಿಗರಾದ ಸಭಾಪಾಲಕರೂ ಹಿರಿಯರೂ ಸಭೆಗಳನ್ನು ನಡೆಯಿಸಿದರು. ಯಾರ ಒತ್ತಾಯವೂ ಇಲ್ಲದೆ ಬಂದು ಕುಳಿತ ಆ ಜನರೇ ಹಿಂದಿನ ಎಂಬತ್ತು ವರ್ಷಗಳ ಕೆಲಸಕ್ಕೆ ನಿಜವಾದ ಸಾಕ್ಷಿಗಳು. ಸೇವೆಯ ಕಟ್ಟಡಗಳು ಕೈಬದಲಾದರೂ ಕೂಡಿ ಪ್ರಾರ್ಥಿಸುವ ರೂಢಿಯು ಕೈಬದಲಾಗಲಿಲ್ಲ. ನಿಯಮಿತವಾದ ಆರಾಧನೆಯನ್ನು ಹಗುರಾಗಿ ಕಾಣುವವರು ಈ ಸಂಗತಿಯನ್ನು ಮರೆಯಬಾರದು.

ಸಭಾಪಾಲಕನೂ ತ್ರಿಪದಿಗಳೂ

ಎರಡನ್ನೂ ಒಂದೇ ಜೀವನದಲ್ಲಿ ಹೊಂದಿಸಿದವರ ಉದಾಹರಣೆಯನ್ನು ಕೊಡದಿದ್ದರೆ ವಿಚಾರವು ಅಪೂರ್ಣವಾಗುವುದು. ಫರ್ಡಿನಂಡ್ ಕಿಟ್ಟೆಲರು ೧೮೫೩ರಲ್ಲಿ ಬಂದು, ೧೮೯೪ರಲ್ಲಿ ತಮ್ಮ ಮಹಾಕೋಶವನ್ನು ಪ್ರಕಟಿಸಿದುದು ಸರ್ವವಿದಿತವಾದ ಸಂಗತಿ. ಉಪದೇಶಕ್ಕೆ ಬಂದವನಿಗೆ ಶಬ್ದಗಳ ಚಿಂತೆಯೇಕೆಂದು ಕೇಳಿದವರು ಆ ಕಾಲದಲ್ಲಿಯೂ ಇದ್ದರು. ಇಂದು ಅವರ ಉಪದೇಶಗಳನ್ನು ನೆನೆಯುವವರಿಲ್ಲ. ಕೋಶವನ್ನು ತೆರೆಯದ ಕನ್ನಡ ವಿದ್ವಾಂಸನಿಲ್ಲ.

ನಮ್ಮ ಸೀಮೆಗೆ ಇನ್ನೂ ಸಮೀಪದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು. ೧೮೮೧ರಲ್ಲಿ ಧಾರವಾಡದಲ್ಲಿ ಜನಿಸಿ, ಬಾಸೆಲ್ ಮಿಶನ್ನಿನ ಸಭಾಪಾಲಕರಾಗಿ ದುಡಿದ ಇವರು, ಜನರ ಬಾಯಲ್ಲಿಯೂ ಓಲೆಗರಿಗಳಲ್ಲಿಯೂ ಚೆದರಿದ್ದ ಸರ್ವಜ್ಞನ ತ್ರಿಪದಿಗಳನ್ನು ಊರೂರು ತಿರುಗಿ ಕೂಡಿಸಿ, ೧೯೨೪ರಲ್ಲಿ ಪ್ರಕಟಿಸಿದರು. ಹಿರೇಕೆರೂರಿನ ಕಡೆಯ ಅಬಲೂರು ಮಾಸೂರುಗಳ ಕವಿಯನ್ನು ಕನ್ನಡಿಗರೆಲ್ಲರ ಕೈಗೆ ಕೊಟ್ಟವರು ಒಬ್ಬ ಕ್ರೈಸ್ತ ಪಾದ್ರಿಯೆಂಬುದು ನಮ್ಮ ನಾಡಿಗೇ ಭೂಷಣವಾದ ಸಂಗತಿ. ವಚನಗಳನ್ನೂ ಅವರು ಶ್ರದ್ಧೆಯಿಂದ ಅಭ್ಯಸಿಸಿದರು. ‘ತಿರುಳ್ಗನ್ನಡದ ತಿರುಕ’ ಎಂಬ ಹೆಸರು ಅವರಿಗೆ ಸಂದಿತು. ೧೯೪೯ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವೂ ಸಂದಿತು. ೧೯೬೨ರಲ್ಲಿ ತೀರಿಕೊಳ್ಳುವವರೆಗೂ ಅವರು ಕ್ರೈಸ್ತರಾಗಿಯೇ ಬಾಳಿದರು. ಸರ್ವಜ್ಞನನ್ನು ಓದುವುದಕ್ಕೆ ಯಾರೂ ಸಭೆಗೆ ಸೇರಬೇಕಾಗಿರಲಿಲ್ಲ. ಅವರ ಸೇವೆಯು ಪ್ರತಿಫಲವನ್ನು ಕೇಳದ ಸೇವೆಯಾಗಿತ್ತು.

ಉತ್ತಂಗಿಯವರು ವಚನಕಾರರಲ್ಲಿ ಇಷ್ಟೊಂದು ಆಸಕ್ತರಾದುದು ಆಕಸ್ಮಿಕವಲ್ಲ. ಈ ಲೇಖನದ ಪ್ರಶ್ನೆಯೇ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಏಳದೆ ಇರಲಿಲ್ಲ. ನುಲಿಯ ಚಂದಯ್ಯನು ಹಗ್ಗದ ಹುಲ್ಲನ್ನು ಕೊಯ್ಯುತ್ತಿರುವಾಗ ಅವನ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತಂತೆ. ಅವನು ಅದನ್ನು ಗಣನೆಗೆ ತಾರದೆ ಕಾಯಕವನ್ನು ನಡೆಯಿಸಿದನಂತೆ. ಲಿಂಗವೇ ಅವನನ್ನು ಬೆಂಬತ್ತಿ ಬಂದಿತಂತೆ. ಶೂನ್ಯಸಂಪಾದನೆಯಲ್ಲಿ ಬರುವ ಈ ಕಥೆಯ ಅಂತ್ಯವನ್ನು ಅನೇಕರು ಮರೆಯುವುದುಂಟು: ಮಡಿವಾಳ ಮಾಚಯ್ಯನು ನಡುವೆ ಬಂದು ಸಮಾಧಾನಪಡಿಸಲು ಚಂದಯ್ಯನು ಲಿಂಗವನ್ನು ಮತ್ತೆ ಕೈಕೊಂಡನು. ಕಾಯಕವು ಗೆದ್ದಿತು, ಲಿಂಗವು ಸೋತಿತೆಂಬುದು ಕಥೆಯ ತಾತ್ಪರ್ಯವಲ್ಲ. ಎರಡೂ ಒಂದೇ ಮನೆಗೆ ಹಿಂದಿರುಗಿದುವೆಂಬುದೇ ತಾತ್ಪರ್ಯ. ನಮ್ಮ ಹಾನಗಲ್ಲಿನ ಕುಮಾರಸ್ವಾಮಿಗಳೂ (೧೮೬೭-೧೯೩೦) ಇದಕ್ಕೆ ನಿದರ್ಶನರು. ಶಿವಪೂಜೆಯಲ್ಲಿ ನಿಷ್ಠರಾದ ಅವರೇ ೧೯೦೪ರಲ್ಲಿ ವೀರಶೈವ ಮಹಾಸಭೆಯನ್ನೂ ೧೯೦೯ರಲ್ಲಿ ಶಿವಯೋಗಮಂದಿರವನ್ನೂ ಸ್ಥಾಪಿಸಿದರು. ಕಣ್ಣಿಲ್ಲದ ಬಾಲಕನಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ ಸಂಗೀತವನ್ನು ಕಲಿಯುವ ಏರ್ಪಾಡನ್ನು ಮಾಡಿಸಿದರು.

ಹಳ್ಳಿಯ ಸಭೆಗೆ ಸಲ್ಲುವ ಮಾತು

ಹಳ್ಳಿಯ ಬಾಳಿನಲ್ಲಿ ಈ ಪ್ರಶ್ನೆಯು ಬೇರೆಯ ರೂಪವನ್ನು ತಾಳುವುದು. ಬಿತ್ತಿಗೆಯ ಹದವು ಆದಿತ್ಯವಾರವನ್ನು ಕೇಳಿ ಬರುವುದಿಲ್ಲ. ಮಳೆ ನಿಂತ ಮರುದಿನ ಕೂರಿಗೆಯನ್ನು ಹೂಡದವನು ವರ್ಷವೆಲ್ಲ ಸಾಲಗಾರನು. ಹಿಂದೆ, ಹತ್ತಿಮತ್ತೂರಿನಂಥ ಊರಿನಿಂದ ಹುಬ್ಬಳ್ಳಿಗೆ ಎತ್ತಿನ ಬಂಡಿಯಲ್ಲಿ ಹೋಗಿಬರಬೇಕೆಂದರೆ ಅದು ಒಂದು ಮುಂಜಾನೆಯ ಮಾತಾಗಿರಲಿಲ್ಲ. ಇಂಥಲ್ಲಿ ಹಾಜರಿಯ ಪಟ್ಟಿಯಿಂದ ಭಕ್ತಿಯನ್ನು ಅಳೆಯುವುದು ಗಜಕಡ್ಡಿಯಿಂದ ಹಾಲನ್ನು ಅಳೆದಂತೆ. ಹಳ್ಳಿಯ ಸಭೆಗಳಲ್ಲಿ ಮನೆಯ ಪ್ರಾರ್ಥನೆಯೂ ಸುಗ್ಗಿಯ ಕಾಣಿಕೆಯೂ ಮುಖ್ಯವಾದುದು ಈ ಕಾರಣದಿಂದಲೇ. ರೈತನು ಹೊಸ ಬೆಳೆಯ ಜೋಳವನ್ನೋ ಭತ್ತವನ್ನೋ ಕಾಯಿಪಲ್ಯವನ್ನೋ ತಂದು ದೇವಾಲಯದಲ್ಲಿಡುವನು. ಆಮೇಲೆ ಅದರ ಸವಾಲು ನಡೆದು ಬಂದ ಹಣವು ಸಭೆಯ ಕೆಲಸಕ್ಕೆ ಸಲ್ಲುವುದು. ಬಿತ್ತಿಗೆಯ ದಿನ ಬಾರದವನು ಸುಗ್ಗಿಯ ದಿನ ಬಂದು, ಬಾರದ ದಿನದ ದುಡಿಮೆಯನ್ನೂ ದೇವರ ಮುಂದಿಟ್ಟಂತಾಯಿತು.

ಹೆಂಗಸರ ವಿಷಯವನ್ನೂ ಹೇಳಬೇಕು. ಲೂಕನ ಸುವಾರ್ತೆಯಲ್ಲಿ ಯೇಸುವಿನ ಪಾದದ ಬಳಿಯಲ್ಲಿ ಕುಳಿತು ಕೇಳಿದ ಮರಿಯಳೂ ಅಡಿಗೆಯ ಗಡಿಬಿಡಿಯಲ್ಲಿದ್ದ ಮಾರ್ಥಳೂ ಬರುವರು. ಉಪದೇಶಕರು ಮರಿಯಳನ್ನು ಹೊಗಳುವುದು ವಾಡಿಕೆ. ಹದಿನಾಲ್ಕನೆಯ ಶತಮಾನದ ಜರ್ಮನ್ ಅನುಭಾವಿ ಎಕ್‌ಹಾರ್ಟನು ಮಾತ್ರ, ಕೇಳಿ ಪಕ್ವವಾದುದರಿಂದಲೇ ಕೆಲಸದಲ್ಲಿ ನಿಂತವಳು ಮಾರ್ಥಳೆಂದು ಅವಳನ್ನೇ ಎತ್ತಿ ಹಿಡಿದನು. ಮುದುಕಿಯಾದ ಅತ್ತೆಯನ್ನೂ ಕೈಗೂಸನ್ನೂ ನೋಡಿಕೊಳ್ಳುತ್ತ ಎಷ್ಟೋ ಆದಿತ್ಯವಾರಗಳನ್ನು ಮನೆಯಲ್ಲಿಯೇ ಕಳೆದ ಗೃಹಿಣಿಯರನ್ನು ಯಾವ ಸಭೆಯ ದಫ್ತರವೂ ಸೇವೆ ಮಾಡಿದವರೆಂದು ಬರೆದಿಟ್ಟಿಲ್ಲ, ಗೈರುಹಾಜರಾದವರೆಂದು ಬರೆದಿಟ್ಟಿರಬಹುದು. ದಕ್ಷಿಣ ಹಿಂದುಸ್ಥಾನದ ಅನೇಕ ಸಭೆಗಳಲ್ಲಿ ಬೆಳೆದ ಹಿಡಿಯಕ್ಕಿಯ ಪದ್ಧತಿಯು ಇಂಥವರದೇ ಕಾಣಿಕೆ. ಅಡಿಗೆಗೆ ಅಳೆದ ಧಾನ್ಯದಿಂದ ದಿನಕ್ಕೊಂದು ಹಿಡಿಯನ್ನು ತೆಗೆದಿಡುವಾಗ ಒಲೆಯ ಮುಂದೆಯೇ ಆರಾಧನೆಯೂ ದಾನವೂ ಒಮ್ಮೆಗೆ ನಡೆಯುವುವು. ಪರದೇಶದ ಹಣವು ನಿಂತಾಗಲೂ ಈ ಹಿಡಿಯು ನಿಲ್ಲತಕ್ಕದ್ದಲ್ಲ.

ನಮ್ಮ ಕಾಲದಲ್ಲಿಯೂ ಒಂದು ಪರೀಕ್ಷೆಯು ನಡೆದುಹೋಯಿತು. ೨೦೨೦ರ ಮಾರ್ಚಿಯಲ್ಲಿ ಮಹಾರೋಗದ ದೆಸೆಯಿಂದ ಎಲ್ಲ ಮತಗಳ ದೇವಾಲಯಗಳೂ ಮುಚ್ಚಿದುವು, ಹಾಜರಿಯೆಂಬುದೇ ಅಸಾಧ್ಯವಾಯಿತು. ಅನ್ನವನ್ನು ಹಂಚುವುದು, ರೋಗಿಯನ್ನು ವಿಚಾರಿಸುವುದು ಮಾತ್ರ ಉಳಿಯಿತು. ಸೇವೆಯಿಂದಲೇ ಸಭೆಯು ಬದುಕಬಲ್ಲುದೆಂದು ಕೆಲವರು ಆಗ ಎಣಿಸಿದರು. ಆದರೆ ಬಾಗಿಲು ತೆರೆದ ಮೇಲೆ ಜನರು ಒಬ್ಬರನ್ನೊಬ್ಬರು ಕಂಡು ಕಣ್ಣೀರಿಟ್ಟುದನ್ನು ನೋಡಿದವರು, ಕೂಡಿ ಕುಳಿತುಕೊಳ್ಳುವುದೂ ಒಂದು ಅನ್ನವೇ ಎಂಬುದನ್ನು ಒಪ್ಪುವರು.

ಉಪಸಂಹಾರ

ಇಷ್ಟರಿಂದ ತಿಳಿದುಬರುವುದೇನು? ಆರಾಧನೆ ದೊಡ್ಡದೋ ಸೇವೆ ದೊಡ್ಡದೋ ಎಂಬ ಪ್ರಶ್ನೆಯಿಂದ ನಮ್ಮ ಸಭೆಗಳು ಕೆಡಲಿಲ್ಲ. ಒಂದನ್ನು ಇನ್ನೊಂದಕ್ಕೆ ಬೆಲೆಯಾಗಿ ಮಾಡಿದಾಗಲೆಲ್ಲ ಕೆಟ್ಟುವು. ಮಳಸಮುದ್ರದಲ್ಲಿ ಹೊಲದ ಆಶೆಯು ಪ್ರಾರ್ಥನೆಯ ಜೊತೆಗೆ ಬೆರೆತು ಎರಡೂ ಕೆಟ್ಟುವು. ಸಂಸ್ಥೆಗಳ ಕಾಲದಲ್ಲಿ ಸೇವೆಯ ಹೆಸರಿನಿಂದ ಪ್ರಾರ್ಥನೆಯ ಸಾಲವನ್ನು ತೀರಿಸಹೋಗಿ ಎರಡೂ ಸೊರಗಿದುವು. ಒಂಗೋಲಿನ ಕ್ಲೌ ಬೆಲೆಯನ್ನು ಕೇಳಲಿಲ್ಲ, ಉತ್ತಂಗಿಯವರೂ ಕೇಳಲಿಲ್ಲ. ಆದುದರಿಂದಲೇ ಅವರಲ್ಲಿ ಎರಡೂ ಉಳಿದುವು.

ಹಾಗಾದರೆ ಆದಿತ್ಯವಾರದ ಮುಂಜಾನೆಯ ವಾದಕ್ಕೆ ಉತ್ತರವೇನು? ರೋಮಾಪುರಿಯ ಹಳೆಯ ಸಭೆಯ ಪದ್ಧತಿಯೇ ನನಗೆ ಸರಿಯಾಗಿ ತೋರುವುದು. ಬಾರದವನನ್ನು ಕಾರಣ ಕೇಳುವ ಮೊದಲು ಅವನ ಪಾಲನ್ನು ಅವನ ಮನೆಗೆ ಒಯ್ಯತಕ್ಕದ್ದು. ಒಯ್ದವನಿಗೆ ಕಾರಣವು ತಾನಾಗಿಯೇ ಕಾಣುವುದು: ಅಲ್ಲಿ ರೋಗಿಯಿರಬಹುದು, ಕೈಗೂಸಿರಬಹುದು, ಹದ ಬಂದ ಹೊಲವಿರಬಹುದು, ಬರಿಯ ಆಲಸ್ಯವೂ ಇರಬಹುದು. ಮೊದಲಿನ ಮೂರಕ್ಕೆ ಸಭೆಯು ತನ್ನ ಕೈಯನ್ನು ಕೊಡಬೇಕು. ನಾಲ್ಕನೆಯದಕ್ಕೆ ಸ್ನೇಹಿತನ ಮಾತನ್ನು ಕೊಡಬೇಕು. ಹಾಗೆಯೇ, ಇರುಳೆಲ್ಲ ರೋಗಿಯ ಬಳಿಯಲ್ಲಿ ಕುಳಿತವನೂ ಒಂದು ಮುಂಜಾನೆ ಬಂದು ಇತರರ ನಡುವೆ ಕುಳ್ಳಿರಬೇಕು. ಅದು ಕೇವಲ ನಿಯಮಕ್ಕಾಗಿಯಲ್ಲ. ಕೊಡುತ್ತಲೇ ಇರುವ ಕೈಯು ತೆಗೆದುಕೊಳ್ಳುವುದನ್ನು ಮರೆತರೆ ಅಹಂಕಾರವು ಅದನ್ನು ಹಿಡಿಯುವುದು. ದೇವಾಲಯದಲ್ಲಿ ಎಲ್ಲರೂ ತೆಗೆದುಕೊಳ್ಳುವವರೇ.

ಸಂಖ್ಯೆಯಿಂದ ಸಣ್ಣವೂ ಹಣದಿಂದ ಬಡವೂ ಆದ ಹಳ್ಳಿಯ ಸಭೆಗಳಿಗೆ ಇದು ಅಸಾಧ್ಯವಾದುದಲ್ಲ. ಇದಕ್ಕೆ ಕಾರ್ಖಾನೆಯೂ ಬೇಡ, ಪರದೇಶದ ಸಂಘವೂ ಬೇಡ. ಕೂಡುವುದಕ್ಕೊಂದು ಮಾಡು, ಹಂಚುವುದಕ್ಕೊಂದು ಹಿಡಿ, ಒಯ್ಯುವುದಕ್ಕೆ ಇಬ್ಬರು ಇದ್ದರೆ ಸಾಕು.